ಪ್ಲಾಸ್ಟಿಕ್ಕಿನ ಮೊರ

ರಾತ್ರಿ ಮೂರು ಹತ್ತು.
ಬೀದರಿನ ಹೆರಿಗೆ ವಾರ್ಡಿನಲ್ಲಿ
ಈ ಹೊತ್ತಿಗೆ ನಾನೊಂದು ಹೆಸರಿಟ್ಟಿದ್ದೇನೆ:
ಜಾರೋ ಹೊತ್ತು.

ಹಗಲಲ್ಲಿ ಕೂಸು ಬೀಳುವುದು ಕಡಿಮೆ.
ಹಗಲಲ್ಲಿ ಹತ್ತು ಕೈ; ಅತ್ತೆ, ನಾದಿನಿ, ಚಿಗವ್ವ,
ಫೋಟೊ ತೆಗೆಯಲಿಕ್ಕೇ ಬಂದ ಸೋದರಮಾವ.
ಮೂರಕ್ಕೆ ಉಳಿಯುವವಳು ಬಾಣಂತಿ ಒಬ್ಬಳೇ,
ಎರಡು ರಾತ್ರಿ ರೆಪ್ಪೆ ಕೂಡಿಸದವಳು,
ಹೊಟ್ಟೆಯ ಮೇಲೆ ಹೊಲಿಗೆ,
ಎದೆಗೆ ಕಚ್ಚಿದ ಬಾಯಿ,
ನನ್ನ ಸೊಂಟದೆತ್ತರದ ಕಬ್ಬಿಣದ ಮಂಚ.

ಕೆಳಗೆ ಶಹಾಬಾದಿ ಫರಸಿ.
ಬ್ಯಾಸಿಗೆಯಲ್ಲಿ ಅದರ ಮೇಲೆ ನೀರು ಚೆಲ್ಲಿ
ಮಲಗಿ ಬೆಳೆದವಳು ನಾನು,
ಆ ಕಲ್ಲಿನ ಮೇಲೆ ನನಗೆ ಸಿಟ್ಟಿಲ್ಲ.
ಆದರೂ ಸುತ್ತಿಗೆ ಬಂದಾಗ
ಮೊದಲು ನೆಲ ನೋಡುತ್ತೇನೆ,
ಆಮೇಲೆ ಮಂಚ.

ಹತ್ತೊಂಬತ್ತನೇ ಬೆಡ್ಡು, ಭಾಲ್ಕಿ ಕಡೆಯ ಮಹಾನಂದಾ.
ಕೂತಲ್ಲೇ ತೂಕಡಿಕೆ.
ಅವಳ ಮೊಣಕೈ ಸ್ವಲ್ಪ ಸ್ವಲ್ಪವಾಗಿ
ತೆರೆದುಕೊಳ್ಳುವುದನ್ನು ಬಾಗಿಲಿಂದಲೇ ಕಂಡೆ.
ಓಡಲಿಲ್ಲ. ಓಡಿದರೆ ಬೆಚ್ಚುತ್ತಾಳೆ.
ನಡೆದು ಹೋಗಿ ಕೂಸಿನ ಕೆಳಗೆ ಕೈಯಿಟ್ಟೆ.
ಎರಡೂವರೆ ಕಿಲೋ. ಬಿಸಿ ರೊಟ್ಟಿಯ ಕಾವು.

ಮಂಚದ ಪಕ್ಕದಲ್ಲೇ ಗಾಲಿಯ ತೊಟ್ಟಿಲು, ಖಾಲಿ.
ಖಾಲಿ ಎಂದರೆ, ಅದರಲ್ಲಿ ಟಿಫಿನ್ ಡಬ್ಬಿ,
ಆರು ಬಾಳೆಹಣ್ಣು, ಮೊಬೈಲಿನ ಚಾರ್ಜರು.
ಫರಸಿಯ ಮೇಲೆ ಮಲಗಿದ್ದ ಅತ್ತೆ ಕಾಶಮ್ಮ ಎದ್ದು ಕೂತು,
"ಹೆಸರಿಡೂದಕ್ಕ ಮೊದಲ ತೊಟ್ಲಿಗಿ ಹಾಕಬಾರ್ದು ಸಿಸ್ಟರಾ,
ಹನ್ನೆರಡು ದಿನ ಆಗ್ಲಿ."
ಚರ್ಚಿನಲ್ಲಿ ಮುಂದಿನ ಸಾಲಿಗೇ ಕೂಡುತ್ತಿದ್ದ
ನನ್ನವ್ವನೂ ಇದನ್ನೇ ಅಂದಿದ್ದಳು.

ನನ್ನ ಎಸ್ತರ್ ಆಗ ಒಂಬತ್ತು ದಿನದ ಕೂಸು.
ನರ್ಸಿನ ಮಗಳು! ಕುರ್ಚಿಯಲ್ಲಿ ಹಾಲೂಡಿಸುತ್ತ
ನಿದ್ದೆ ಹೋದ ನನ್ನನ್ನು ಎಬ್ಬಿಸಿದ್ದು ಅಳುವಲ್ಲ,
ಹಗುರಾದ ಮಡಿಲು.
ಕೆಳಗೆ ಕೌದಿ ಇತ್ತು. ಅಷ್ಟೇ ಪುಣ್ಯ.
ಗಂಡನಿಗೆ ಹೇಳಲಿಲ್ಲ, ಡಾಕ್ಟರಿಗೆ ಹೇಳಲಿಲ್ಲ.
ಈಗವಳು ಲೆಕ್ಕದಲ್ಲಿ ನನ್ನನ್ನೇ ಸೋಲಿಸುತ್ತಾಳೆ;
ಆದರೂ ತಲೆ ಬಾಚುವಾಗ
ಬಲಗಿವಿಯ ಮೇಲೆ ನನ್ನ ಬೆರಳು
ಒಂದು ಗಳಿಗೆ ನಿಲ್ಲುತ್ತದೆ.

ಅದಕ್ಕೇ ನಾನು "ಎಚ್ಚರ ಇಲ್ಲೇನು" ಎಂದು
ಯಾವ ಬಾಣಂತಿಯನ್ನೂ ಬೈಯುವುದಿಲ್ಲ.
ಬೈದರೆ ಮುಂದಿನವಳು ಬಚ್ಚಿಡುತ್ತಾಳೆ.
ನಮ್ಮ ರಿಜಿಸ್ಟರಿನಲ್ಲಿ ಅದಕ್ಕೊಂದು ಕಲಂ ಇದೆ,
ಎಷ್ಟೋ ತಿಂಗಳಿಂದ ಬರೀ ಗೆರೆ ಎಳೆದಿದೆ.
ಆ ಗೆರೆ ನಾನು ನಂಬುವುದಿಲ್ಲ.

"ಯವ್ವಾ, ಇದು ತೂಗ್ತದೇನು?" ಅಂದೆ.
"ಇಲ್ಲ."
"ಹಗ್ಗ ಅದಾವೇನು?"
"ಇಲ್ಲ ಬಿಡು."
"ಮತ್ತ ತೊಟ್ಲ ಹ್ಯಾಂಗಾದೀತು? ಇದು ಮೊರ.
ಸರ್ಕಾರದ್ದು, ಪ್ಲಾಸ್ಟಿಕ್ಕಿಂದು."

ಕಾಶಮ್ಮ ಗಡಿಗೆ ಕೊಳ್ಳುವವಳ ಹಾಗೆ
ಗೆಣ್ಣಿನಿಂದ ಅದರ ಅಂಚು ಬಡಿದು ನೋಡಿದಳು.
ಬಾಳೆಹಣ್ಣು ಇಳಿಸಿದಳು. ಡಬ್ಬಿ ಇಳಿಸಿದಳು.
ಗಂಟು ಬಿಚ್ಚಿ ಒಂದು ಹಿಡಿ ಜೋಳ ತೆಗೆದು,
"ಮೊರ ಅಂದಮ್ಯಾಲ ಬರಿದ ಇರಬಾರ್ದು."
ವಾರ್ಡಿನ ನಿಯಮ ನನಗೆ ಗೊತ್ತು.
ಕಾಳನ್ನು ಗಾಜ್ ಬಟ್ಟೆಯಲ್ಲಿ ಕಟ್ಟಿ
ಹಾಸಿಗೆಯ ಅಡಿಗೆ, ಕಾಲಿನ ಕಡೆಗೆ ಸರಿಸಿ,
ಫ್ಯಾನ್ ನೋಡುತ್ತ ನಿಂತೆ.

ಕೂಸು ಒಮ್ಮೆ ಮುಖ ಹಿಂಡಿ, ಸುಮ್ಮನಾಯಿತು.
ಮಹಾನಂದಾ ಹಾಗೇ ಒರಗಿದಳು,
ತೋಳು ಇನ್ನೂ ದುಂಡಗೆ, ಒಳಗೆ ಯಾರೂ ಇಲ್ಲದೆ.
ಗಾಲಿಗಳ ಬಿರಿ ಒತ್ತಿ
ಮೊರವನ್ನು ಅವಳ ಕೈಗೆ ತಾಗಿಸಿಟ್ಟೆ.

ನಾಲ್ಕರ ಸುತ್ತಿಗೆ ಬಂದಾಗ
ಇಪ್ಪತ್ತನೇ ಬೆಡ್ಡಿನ ಅಜ್ಜಿ, ಚಾಂದಬಿ,
ತನ್ನ ತೊಟ್ಟಿಲಿನಿಂದ ಥರ್ಮಾಸ್ ಇಳಿಸುತ್ತಿದ್ದಳು.
"ನಮಗೂ ಥೋಡೆ ಜ್ವಾಳ ಕೊಡ್ರಿ ಅಕ್ಕಾ."
ಕೈಯಿಂದ ಕೈಗೆ ಬರುವಾಗ
ಎರಡು ಕಾಳು ಫರಸಿಗೆ ಬಿದ್ದವು.
ಆ ಸದ್ದಿಗೇ
ನಾನು ಗಕ್ಕನೆ ತಿರುಗಿ ನೋಡಿದೆ.